ನಿಮಗಿದು ಗೊತ್ತೇ? ಸ್ಟೇಡಿಯಂ ಊರಿಗೆ, ಬಿಲ್ಲು ಯಾರಿಗೆ?

ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ ಓಡಾಡುವವರಿಗೆ ಅನಗವಾಡಿ ಅಂದರೆ ಮೊದಲು ನೆನಪಾಗುವುದು ಘಟಪ್ರಭೆಯ ಮೇಲಿನ ಸೇತುವೆ. ಸರ್ಕಾರದ ದುಡ್ಡಿನಲ್ಲಿ ಕಟ್ಟಿದ್ದು. ಕಬ್ಬಿನ ಹಂಗಾಮಿನಲ್ಲಿ ಅದರ ಮೇಲೆ ಟ್ರ್ಯಾಕ್ಟರುಗಳ ಸಾಲು ಮುಗಿಯುವುದೇ ಇಲ್ಲ. ಇಷ್ಟು ದುಡ್ಡು ಹಾಕಬೇಕಿತ್ತೇ ಎಂದು ಅದರ ಬಗ್ಗೆ ಯಾರೂ ಕೇಳುವುದಿಲ್ಲ. ಸ್ಟೇಡಿಯಂ ವಿಷಯಕ್ಕೆ ಬಂದರೆ ಆ ಪ್ರಶ್ನೆ ಕೇಳಲೇಬೇಕಾಗುತ್ತದೆ. ಅಮೆರಿಕದ ಸಣ್ಣಪುಟ್ಟ ಪಟ್ಟಣಗಳು ಬೇಸ್‌ಬಾಲ್ ಕ್ರೀಡಾಂಗಣಕ್ಕೆ ತೆರಿಗೆದಾರರ ದುಡ್ಡು ಸುರಿಯಬೇಕೇ ಬೇಡವೇ ಎಂದು ದಶಕಗಳಿಂದ ಜಗಳವಾಡುತ್ತಿವೆ. ಈಗ ಆ ಜಗಳ ಬೇರೆ ಆಟದ ಹೆಸರಲ್ಲಿ ನಮ್ಮ ರಾಜ್ಯಕ್ಕೂ ಬಂದಿದೆ.

ಬೆಂಗಳೂರಿನ ಹೊರವಲಯದ ಆನೇಕಲ್ ತಾಲ್ಲೂಕಿನ ಸೂರ್ಯನಗರದಲ್ಲಿ 80,000 ಜನ ಕೂರುವ ಕ್ರಿಕೆಟ್ ಸ್ಟೇಡಿಯಂ ಸೇರಿದ ಕ್ರೀಡಾ ಸಂಕೀರ್ಣಕ್ಕೆ 2025ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಹಸಿರು ನಿಶಾನೆ ತೋರಿದರು. ಜಾಗ 100 ಎಕರೆ, ಅಂದಾಜು ವೆಚ್ಚ 1,650 ಕೋಟಿ ರೂಪಾಯಿ. ಕಟ್ಟುವವರು ಯಾರು ಗೊತ್ತೇ? ಕ್ರೀಡಾ ಇಲಾಖೆಯೂ ಅಲ್ಲ, ಕ್ರಿಕೆಟ್ ಸಂಸ್ಥೆಯೂ ಅಲ್ಲ. ಜನರಿಗೆ ಸೈಟು, ಮನೆ ಮಾಡಿಕೊಡುವ ಕರ್ನಾಟಕ ಗೃಹ ಮಂಡಳಿ. ವೆಚ್ಚವನ್ನೆಲ್ಲ ಮಂಡಳಿಯೇ ಭರಿಸುತ್ತದೆ, ಸರ್ಕಾರದ ಬೊಕ್ಕಸಕ್ಕೆ ಹೊರೆಯಿಲ್ಲ ಎಂದು ಹೇಳಲಾಯಿತು. ಈ ಮಾತು ನನಗಂತೂ ಪೂರ್ತಿ ಒಪ್ಪಿಗೆಯಾಗಿಲ್ಲ. ಗೃಹ ಮಂಡಳಿ ಸರ್ಕಾರದ್ದೇ, ಅದರ ಖಜಾನೆಗೆ ದುಡ್ಡು ಬರುವುದು ಸೈಟು ಕೊಂಡವರಿಂದ. ಎಡಗೈ ಕೊಟ್ಟರೆ ಬಲಗೈಗೆ ಖರ್ಚಿಲ್ಲ ಎಂದಂತಾಯಿತು.

ಇಡೀ ಸಂಕೀರ್ಣದ ವೆಚ್ಚವನ್ನು ಆ 80,000 ಕುರ್ಚಿಗಳಿಗೆ ಹಂಚಿ ನೋಡಿ. ಒಂದು ಕುರ್ಚಿಗೆ 2 ಲಕ್ಷ ರೂಪಾಯಿಗೂ ಮೇಲೆ ಬೀಳುತ್ತದೆ. ಅದರಲ್ಲಿ ಈಜುಕೊಳ, ಹಾಸ್ಟೆಲು, ಬೇರೆ ಆಟಗಳ ಅಂಕಣ ಎಲ್ಲ ಸೇರಿವೆ ಎನ್ನುವುದು ನಿಜ. ಆದರೂ ಲೆಕ್ಕ ಕಣ್ಣಿಗೆ ಹೊಡೆಯುತ್ತದೆ.

ಇನ್ನೊಂದು ಲೆಕ್ಕ, ನಮ್ಮ ಜಿಲ್ಲೆಯದೇ. ಕರ್ನಾಟಕದ ಒಬ್ಬ ಶಾಸಕರಿಗೆ ಕ್ಷೇತ್ರಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಬಾಗಲಕೋಟೆ ಜಿಲ್ಲೆಯಲ್ಲಿ ಮುಧೋಳ, ತೇರದಾಳ, ಜಮಖಂಡಿ, ಬೀಳಗಿ, ಬಾದಾಮಿ, ಬಾಗಲಕೋಟೆ, ಹುನಗುಂದ ಸೇರಿ 7 ಕ್ಷೇತ್ರ. ಏಳೂ ಶಾಸಕರು ತಮ್ಮ ನಿಧಿಯ ಒಂದು ಪೈಸೆಯನ್ನೂ ಶಾಲೆ ಕೋಣೆಗಾಗಲಿ ರಸ್ತೆಗಾಗಲಿ ಮುಟ್ಟದೆ ಕೂಡಿಟ್ಟರೆ 1,650 ಕೋಟಿ ಆಗಲು ಸುಮಾರು 118 ವರ್ಷ ಬೇಕು.

ಹೊಸ ಸ್ಟೇಡಿಯಂ ಬೇಕೆನ್ನುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕಲ್ ಡಿ'ಕುನ್ಹಾ ಆಯೋಗ, ಆ ಕ್ರೀಡಾಂಗಣದ ವಿನ್ಯಾಸವೇ ಭಾರೀ ಜನಸಂದಣಿಗೆ ತಕ್ಕುದಲ್ಲ ಎಂದಿತು. ಊರ ನಡುವೆ, ಮೆಟ್ರೊ ನಿಲ್ದಾಣದ ಮಗ್ಗುಲಲ್ಲಿ, ಬಾಗಿಲು ತೆರೆದರೆ ಫುಟ್‌ಪಾತು. ಅಲ್ಲಿ ಲಕ್ಷ ಜನ ಸೇರಿದರೆ ನಿಲ್ಲುವುದೆಲ್ಲಿ?

ಚಿನ್ನಸ್ವಾಮಿ ಕ್ರೀಡಾಂಗಣ ನಿಂತಿರುವುದೂ ರಾಜ್ಯ ಸರ್ಕಾರದಿಂದ ಗುತ್ತಿಗೆಗೆ ಪಡೆದ ನೆಲದ ಮೇಲೆಯೇ. 1974ರ ನವೆಂಬರ್‌ನಲ್ಲಿ ಅಲ್ಲಿ ಮೊದಲ ಟೆಸ್ಟ್ ನಡೆದಾಗ ವೆಸ್ಟ್ ಇಂಡೀಸ್ ಪರ ಇಬ್ಬರು ಹೊಸಬರು ಕಣಕ್ಕಿಳಿದರು. ಒಬ್ಬರು ಗಾರ್ಡನ್ ಗ್ರೀನಿಜ್, ಇನ್ನೊಬ್ಬರು ವಿವಿಯನ್ ರಿಚರ್ಡ್ಸ್.

ಐಪಿಎಲ್‌ನಲ್ಲಿ ಒಂದು ತಂಡಕ್ಕೆ ಲೀಗ್ ಹಂತದಲ್ಲಿ ತವರಿನ ಪಂದ್ಯ 7. ಪ್ಲೇ–ಆಫ್, ಟೆಸ್ಟ್, ರಣಜಿ ಎಲ್ಲ ಸೇರಿಸಿದರೂ ದೊಡ್ಡ ಗ್ಯಾಲರಿ ತುಂಬುವ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಉಳಿದ ದಿನವೆಲ್ಲ ಕುರ್ಚಿಗಳಿಗೆ ರಜೆ. ರಜೆಯಲ್ಲೂ ಹುಲ್ಲಿಗೆ ನೀರು, ದೀಪಕ್ಕೆ ಕರೆಂಟು, ಕಾವಲಿಗೆ ಪಗಾರ ನಿಲ್ಲುವುದಿಲ್ಲ. ಎತ್ತು ಕೊಳ್ಳುವಾಗ ಕೊಟ್ಟ ದುಡ್ಡಿಗಿಂತ ವರ್ಷವಿಡೀ ಹಾಕುವ ಮೇವು ಭಾರ ಎನ್ನುವುದು ನಮ್ಮ ರೈತನಿಗೆ ಗೊತ್ತು, ಟೆಂಡರು ಕರೆಯುವವರಿಗೆ ಹೇಳಬೇಕಾಗುತ್ತದೆ.

ಇಷ್ಟಾಗಿ ಸರ್ಕಾರಕ್ಕೆ ಆದಾಯವೇ ಇಲ್ಲವೇ? ಇದೆ. 2025ರ ಸೆಪ್ಟೆಂಬರ್ 22ರಿಂದ ಐಪಿಎಲ್ ಟಿಕೆಟ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿತು. ಸಾವಿರ ರೂಪಾಯಿ ಮೂಲಬೆಲೆಯ ಟಿಕೆಟ್ಟು ಕೈಗೆ ಬರುವಾಗ 1,400. ಆದರೆ ಜಿಎಸ್‌ಟಿ ಕೇಂದ್ರ, ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಸ್ಟೇಡಿಯಂ ಇರುವ ಊರಿನ ಪುರಸಭೆಗೆ ನೇರವಾಗಿ ಬರುವುದಿಲ್ಲ, ಮರುದಿನ ಕಸ ಗುಡಿಸುವ ಕೆಲಸ ಮಾತ್ರ ತಪ್ಪದೆ ಬರುತ್ತದೆ.

ಬೇಸ್‌ಬಾಲ್‌ಗೆ ಬರೋಣ. ಅಮೆರಿಕದಲ್ಲಿ ದೊಡ್ಡ ಲೀಗಿನ ಕೆಳಗೆ ‘ಮೈನರ್ ಲೀಗ್’ ಎಂಬ ಮೆಟ್ಟಿಲುಗಳಿವೆ, ಹೊಸ ಹುಡುಗರು ಪಳಗುವುದು ಅಲ್ಲಿ. 2021ರಲ್ಲಿ ದೊಡ್ಡ ಲೀಗು ಈ ವ್ಯವಸ್ಥೆಯನ್ನು ತನ್ನ ಕೈಗೆ ತೆಗೆದುಕೊಂಡು, 160ರಷ್ಟಿದ್ದ ತಂಡಗಳನ್ನು 120ಕ್ಕೆ ಇಳಿಸಿತು. ಉಳಿದ ತಂಡಗಳಿಗೆ ಕ್ರೀಡಾಂಗಣ ಹೀಗಿರಬೇಕು, ಡ್ರೆಸ್ಸಿಂಗ್ ರೂಮು ಇಷ್ಟು ದೊಡ್ಡದಿರಬೇಕು ಎಂಬ ಹೊಸ ನಿಯಮ ಬಂತು. ಅನೇಕ ಕ್ರೀಡಾಂಗಣಗಳು ಊರಿನ ಆಸ್ತಿ. ಹಾಗಾಗಿ ನಿಯಮ ಮಾಡಿದವರು ಒಬ್ಬರು, ದುಡ್ಡು ಹೊಂದಿಸಬೇಕಾದವರು ಇನ್ನೊಬ್ಬರು.

ಅಲ್ಲಿನ ಸಣ್ಣ ತಂಡದ ಆಟಗಾರರ ಸಂಬಳ ಕೊಡುವುದು ಮೇಲಿನ ದೊಡ್ಡ ತಂಡ. ಟಿಕೆಟ್ಟು, ತಿಂಡಿ, ಜಾಹೀರಾತಿನ ಆದಾಯ ಸ್ಥಳೀಯ ಮಾಲೀಕನಿಗೆ. ಸಾಲದ ಕಂತು ಅನೇಕ ಕಡೆ ಪಟ್ಟಣಕ್ಕೆ. ಈ ಮೂರು ವಾಕ್ಯ ಗೊತ್ತಿದ್ದರೆ ಅಲ್ಲಿನ ಅರ್ಧ ಜಗಳ ಅರ್ಥವಾದಂತೆ.

ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದ ಕತೆಯನ್ನಂತೂ ಪ್ರತಿಯೊಬ್ಬ ನಗರಸಭಾ ಸದಸ್ಯರೂ ಓದಬೇಕು. ಸುಮಾರು 15 ಕಿಲೋಮೀಟರ್ ದೂರದ ನ್ಯೂ ಬ್ರಿಟನ್ ಊರಿನಲ್ಲಿ ಒಂದು ತಂಡ ಆಡಿಕೊಂಡಿತ್ತು. ಅದಕ್ಕೆ 1996ರಲ್ಲಿ ಕಟ್ಟಿದ ಕ್ರೀಡಾಂಗಣವೂ ಇತ್ತು. ಹೊಸದು ಕಟ್ಟಿಕೊಡುತ್ತೇವೆ ಎಂದು ಹಾರ್ಟ್‌ಫರ್ಡ್ ಆ ತಂಡವನ್ನು ಕರೆಸಿಕೊಂಡಿತು. ನಮ್ಮ ಲೆಕ್ಕದಲ್ಲಿ ಜಮಖಂಡಿಯ ತಂಡವನ್ನು ಬನಹಟ್ಟಿಯವರು ಕರೆದೊಯ್ದ ಹಾಗೆ, ಅಂತರ ಹೆಚ್ಚುಕಡಿಮೆ ಅಷ್ಟೇ. 2016ರ ಏಪ್ರಿಲ್‌ಗೆ ಉದ್ಘಾಟನೆ ಎಂದರು. ಕಾಮಗಾರಿ ಮುಗಿಯಲಿಲ್ಲ, ವೆಚ್ಚ ಏರಿತು, ಗುತ್ತಿಗೆದಾರರನ್ನು ತೆಗೆದುಹಾಕಿದರು, ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ‘ಹಾರ್ಟ್‌ಫರ್ಡ್ ಯಾರ್ಡ್ ಗೋಟ್ಸ್’ ಎಂದು ಹೊಸ ಹೆಸರಿಟ್ಟುಕೊಂಡಿದ್ದ ತಂಡ 2016ರ ಇಡೀ ಋತುವನ್ನು ಪರಊರುಗಳಲ್ಲೇ ಆಡಿ ಮುಗಿಸಿತು. ಬಾಗಿಲು ತೆರೆದದ್ದು 2017ರ ಏಪ್ರಿಲ್‌ನಲ್ಲಿ. ಆಮೇಲೆ ಜನ ಚೆನ್ನಾಗಿಯೇ ಬಂದರು, ಆ ಮಾತು ಬೇರೆ. ಇಡೀ ನಾಡಿನ ಲೆಕ್ಕದಲ್ಲಿ ನೋಡುವವನಿಗೆ ಕಾಡುವ ಪ್ರಶ್ನೆ ಒಂದೇ: ಒಂದೇ ಜಿಲ್ಲೆಯಷ್ಟು ಜಾಗದಲ್ಲಿ ಒಂದೂರ ಲಾಭ ಇನ್ನೊಂದೂರ ನಷ್ಟವಾದರೆ ನಾಡಿಗೆ ಬಂದದ್ದೇನು?

ಟೆಕ್ಸಸ್‌ನ ಎಲ್ ಪಾಸೊ ನಗರ ಬೇಸ್‌ಬಾಲ್ ಕ್ರೀಡಾಂಗಣಕ್ಕೆ ಜಾಗ ಮಾಡಿಕೊಡಲು 2013ರಲ್ಲಿ ಏನನ್ನು ಕೆಡವಿತು ಗೊತ್ತೇ? ತನ್ನದೇ ನಗರಸಭೆ ಕಟ್ಟಡವನ್ನು. ಸ್ಫೋಟಕ ಇಟ್ಟು ಉರುಳಿಸಿದರು. 2014ರಲ್ಲಿ ಅದೇ ಜಾಗದಲ್ಲಿ ಆಟ ಶುರುವಾಯಿತು.

ಕೆನಡಾದ ಮಾಂಟ್ರಿಯಲ್ 1976ರ ಒಲಿಂಪಿಕ್ಸ್‌ಗೆ ಕಟ್ಟಿದ ಸ್ಟೇಡಿಯಂನ ಸಾಲ ತೀರಿದ್ದು 2006ರಲ್ಲಿ. ಮೂವತ್ತು ವರ್ಷ! ತೀರಿಸಲು ತಂಬಾಕಿನ ಮೇಲೆ ವಿಶೇಷ ತೆರಿಗೆ ಹಾಕಿದ್ದರು. ಅಲ್ಲಿ ಆಡುತ್ತಿದ್ದ ಬೇಸ್‌ಬಾಲ್ ತಂಡ ಎಕ್ಸ್‌ಪೋಸ್ 2004ರ ಋತು ಮುಗಿಸಿ ವಾಷಿಂಗ್ಟನ್‌ಗೆ ಹೊರಟುಹೋಯಿತು. ತಂಡ ಹೋದ ಮೇಲೂ ಬೀಡಿ–ಸಿಗರೇಟು ಸೇದುವವರು ಕಂತು ಕಟ್ಟುತ್ತಲೇ ಇದ್ದರು.

ಸ್ಟೇಡಿಯಂ ಬಂದರೆ ಊರಿನ ವ್ಯಾಪಾರ ಹೆಚ್ಚುತ್ತದೆ ಎನ್ನುವ ವಾದವನ್ನು ಅರ್ಥಶಾಸ್ತ್ರಜ್ಞರಾದ ರೋಜರ್ ನೋಲ್ ಮತ್ತು ಆಂಡ್ರ್ಯೂ ಜಿಂಬಲಿಸ್ಟ್ 1997ರಲ್ಲಿ ಸಂಪಾದಿಸಿದ ಪುಸ್ತಕವೊಂದು ಅಳೆದು ತೂಗಿ ನೋಡಿತು. ಹಾಕಿದ ಸಾರ್ವಜನಿಕ ಹಣ ಸ್ಥಳೀಯ ಬೆಳವಣಿಗೆಯಾಗಿ ಹಿಂತಿರುಗುವುದಿಲ್ಲ ಎಂಬುದೇ ಅದರ ಸಾರ. ಕಾರಣ ಸರಳ. ಬೀಳಗಿಯ ಒಂದು ಕುಟುಂಬ ಭಾನುವಾರ ಹೊರಗೆ ಖರ್ಚು ಮಾಡಲು 500 ರೂಪಾಯಿ ಇಟ್ಟುಕೊಂಡಿದೆ ಎನ್ನಿ. ಪಂದ್ಯ ಇದ್ದರೆ ಆ ದುಡ್ಡು ಗ್ಯಾಲರಿಗೆ, ಇಲ್ಲದಿದ್ದರೆ ಖಾನಾವಳಿಗೋ ಸಿನಿಮಾಕ್ಕೋ ಬಟ್ಟೆ ಅಂಗಡಿಗೋ. ಜೇಬು ಒಂದೇ, ಕಿಸೆಯಿಂದ ಹೊರಬೀಳುವ ದಾರಿ ಮಾತ್ರ ಬೇರೆ. ಹೊರ ಊರಿನವರು ಬಂದು ರಾತ್ರಿ ತಂಗಿದರೆ ಮಾತ್ರ ಹೊಸ ದುಡ್ಡು. ಸಣ್ಣ ಲೀಗಿನ ಪಂದ್ಯಕ್ಕೆ ಹಾಗೆ ಬರುವವರು ಕಮ್ಮಿ.

ಹಾಗಂತ ಎಲ್ಲ ಕಡೆಯೂ ಮುಳುಗಿಲ್ಲ. ಉತ್ತರ ಕೆರೊಲಿನಾದ ಡರ್ಹಮ್‌ನಲ್ಲಿ 1990ರಲ್ಲಿ ಹೊಸ ಕ್ರೀಡಾಂಗಣದ ಸಾಲಕ್ಕೆ ಮತದಾರರು ‘ಬೇಡ’ ಎಂದರು. ನಗರ ಬೇರೆ ದಾರಿಯಲ್ಲಿ ಹಣ ಹೊಂದಿಸಿ ಕಟ್ಟಿಯೇಬಿಟ್ಟಿತು, 1995ರಲ್ಲಿ ಬಾಗಿಲು ತೆರೆಯಿತು. ಪಕ್ಕದಲ್ಲೇ ಪಾಳುಬಿದ್ದಿದ್ದ ತಂಬಾಕು ಕಾರ್ಖಾನೆ 2004ರಲ್ಲಿ ಕಚೇರಿ, ಹೋಟೆಲುಗಳ ಬಡಾವಣೆಯಾಗಿ ಎದ್ದು ಕೂತಿತು. ಸ್ಟೇಡಿಯಂ ಪರ ಇರುವವರೆಲ್ಲ ಈ ಉದಾಹರಣೆ ಹಿಡಿದು ಬರುತ್ತಾರೆ. ಜನರ ಮತ ಮೀರಿ ಕಟ್ಟಿದ್ದು ಎನ್ನುವುದನ್ನು ಹೇಳುವುದು ಮಾತ್ರ ಮರೆಯುತ್ತಾರೆ.

ನಮ್ಮ ದೇಶಕ್ಕೂ ಬೇಸ್‌ಬಾಲ್‌ಗೂ ಸಂಬಂಧವೇ ಇಲ್ಲ ಎಂದುಕೊಂಡಿದ್ದರೆ: ಭಾರತದ ಅಮೆಚೂರ್ ಬೇಸ್‌ಬಾಲ್ ಫೆಡರೇಷನ್ ಹುಟ್ಟಿದ್ದು 1983ರಲ್ಲಿ, ನಾವು ಕ್ರಿಕೆಟ್ ವಿಶ್ವಕಪ್ ಗೆದ್ದ ವರ್ಷವೇ. ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಎಸೆತಗಾರರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಟಿವಿ ಸ್ಪರ್ಧೆಯೊಂದರಿಂದ ಆಯ್ಕೆಯಾಗಿ 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಅವರು ಆಡಿದ್ದೂ ಮೈನರ್ ಲೀಗಿನಲ್ಲೇ. (ಈ ರಿಂಕು ಸಿಂಗ್ ಕ್ರಿಕೆಟಿಗ ರಿಂಕು ಅಲ್ಲ. ಇವರು ಆಮೇಲೆ ಅಮೆರಿಕದ ವೃತ್ತಿಪರ ಕುಸ್ತಿಯ ಕಡೆ ಹೋದರು.)

ಒಂದು ಬೇಸ್‌ಬಾಲ್ ಮೈದಾನದ ಆಡುವ ಜಾಗವೇ ಸುಮಾರು ಎರಡೂವರೆ ಎಕರೆ. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಬರೀ ವಿಸ್ತೀರ್ಣದ ಲೆಕ್ಕ ಹಾಕಿದರೆ ಒಂದು ಬೇಸ್‌ಬಾಲ್ ಮೈದಾನದಲ್ಲಿ ಎಪ್ಪತ್ತಕ್ಕೂ ಹೆಚ್ಚು ಕಬಡ್ಡಿ ಅಂಕಣ ಹಿಡಿಸುತ್ತವೆ. ಪೋಲೊ ಮೈದಾನ ಇದಕ್ಕೂ ದೊಡ್ಡದು, ಪೂರ್ಣ ಅಳತೆಯದಾದರೆ ಹತ್ತು ಎಕರೆಯ ಆಸುಪಾಸು. ಪಟವರ್ಧನ ಅರಸರ ಜಮಖಂಡಿಯಲ್ಲಿ ಇಂದಿಗೂ ‘ಪೋಲೊ ಮೈದಾನ’ ಎಂಬ ಹೆಸರು ಉಳಿದಿದೆ. ಕುದುರೆಗಳು ಹೋದವು, ರಾಜಕೀಯ ಸಮಾವೇಶಗಳು ಬಂದವು.

ಕ್ರಿಕೆಟ್‌ನ ಕರ್ನಾಟಕ ಪ್ರೀಮಿಯರ್ ಲೀಗ್ 2009ರಲ್ಲಿ ಶುರುವಾಯಿತು. ಅಮೆರಿಕದ ಸಣ್ಣ ಲೀಗಿಗೆ ನಮ್ಮಲ್ಲಿ ಹತ್ತಿರದ್ದು ಅಂದರೆ ಅದೇ. ಅದರಲ್ಲಿ ಬಿಜಾಪುರ ಬುಲ್ಸ್ ತಂಡ 2015ರಲ್ಲೂ 2018ರಲ್ಲೂ ಕಪ್ ಗೆದ್ದಿತು. ವಿಜಯಪುರದಲ್ಲಿ ಮಾತ್ರ ಒಂದೂ ಲೀಗ್ ಪಂದ್ಯ ನಡೆಯಲಿಲ್ಲ! ಹೆಸರು ನಮ್ಮ ಕಡೆಯದು, ಆಟ ಮೈಸೂರು, ಹುಬ್ಬಳ್ಳಿ, ಬೆಂಗಳೂರಿನಲ್ಲಿ. 2019ರಲ್ಲಿ ಬೆಟ್ಟಿಂಗ್, ಫಿಕ್ಸಿಂಗ್ ಪ್ರಕರಣ ಹೊರಬಂದು ಲೀಗೇ ನಿಂತಿತು. 2022ರಿಂದ ಅದರ ಜಾಗದಲ್ಲಿ ಮಹಾರಾಜ ಟ್ರೋಫಿ. ಒಂದು ಲೀಗು ಹತ್ತು ವರ್ಷ ಬಾಳುವುದೇ ಖಾತ್ರಿಯಿಲ್ಲ. ಅದನ್ನು ನಂಬಿ ಐವತ್ತು ವರ್ಷ ಬಾಳುವ ಕಾಂಕ್ರೀಟು ಹಾಕಿದ್ದರೆ?

ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತು ಭಾರತವನ್ನು ಸೆಮಿಫೈನಲ್‌ಗೆ ಒಯ್ದವರು. ಲೀಗಿನ ದೀಪ ಬೆಳಗದ ಊರಿನಿಂದಲೇ ಅವರು ಬಂದದ್ದು.

ನಮ್ಮ ಭಾಗದ ನಿಜವಾದ ಆಟ ಯಾವುದು ಎಂದರೆ ಮುಧೋಳ ನಾಯಿಯ ಓಟ ಎಂದು ಹೊರಗಿನವರು ತಮಾಷೆ ಮಾಡುವುದುಂಟು. ನಾಯಿಯನ್ನು ಅದರ ಪಾಡಿಗೆ ಬಿಡಿ. ಇಲ್ಲಿ ಸೈಕಲ್ ಇದೆ. ಜಾತ್ರೆ ಅಂದರೆ ಸೈಕಲ್ ರೇಸು ಇರಲೇಬೇಕು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳು ತಲೆಮಾರುಗಳಿಂದ ಹೊರಬರುತ್ತಿದ್ದಾರೆ. 2024ರ ಜನವರಿಯಲ್ಲಿ ರಾಷ್ಟ್ರೀಯ ರೋಡ್ ಸೈಕ್ಲಿಂಗ್ ಚಾಂಪಿಯನ್‌ಷಿಪ್ ನಡೆದದ್ದೂ ವಿಜಯಪುರದಲ್ಲೇ. ರೋಡ್ ರೇಸಿಗೆ ಸ್ಟೇಡಿಯಂ ಬೇಡ, ಒಳ್ಳೆಯ ಡಾಂಬರು ರಸ್ತೆ ಸಾಕು. ಟ್ರ್ಯಾಕ್ ರೇಸಿಗೆ ಮಾತ್ರ ಬಾಣಲೆಯಂತೆ ಬದಿ ಎತ್ತರಿಸಿದ ವೆಲೊಡ್ರೋಮ್ ಬೇಕು. ಅಂತರರಾಷ್ಟ್ರೀಯ ಅಳತೆ 250 ಮೀಟರ್, ತಿರುವಿನಲ್ಲಿ ಇಳಿಜಾರು 40 ಡಿಗ್ರಿ ದಾಟುತ್ತದೆ. ಅದರ ಮೇಲೆ ಓಡುವ ಸೈಕಲ್ಲಿಗೆ ಬ್ರೇಕೇ ಇರುವುದಿಲ್ಲ. ವಿಜಯಪುರಕ್ಕೆ ಮಂಜೂರಾದ ವೆಲೊಡ್ರೋಮ್ ಕಾಮಗಾರಿಗೆ ಮಾತ್ರ ಬ್ರೇಕು ಚೆನ್ನಾಗಿ ಹಿಡಿಯಿತು, ವರ್ಷಗಟ್ಟಲೆ ಕುಂಟಿತು. ಅಷ್ಟರಲ್ಲಿ ಒಂದು ತಂಡದಷ್ಟು ಹುಡುಗ–ಹುಡುಗಿಯರ ವಯಸ್ಸೇ ಮೀರಿಹೋಗುತ್ತದೆ. ಸಾರ್ವಜನಿಕ ದುಡ್ಡು ಆಟಕ್ಕೆ ಹಾಕಬಾರದು ಎಂದು ನಾನು ಹೇಳುತ್ತಿಲ್ಲ. ಆಡುವವರು ಇರುವಲ್ಲಿ ಹಾಕಿ, ನೋಡುವವರ ಕುರ್ಚಿಯನ್ನು ಆಮೇಲೆ ನೋಡೋಣ ಎನ್ನುತ್ತಿದ್ದೇನೆ.

ಗ್ಯಾಲರಿಯೇ ಇಲ್ಲದೆ ಸಾವಿರಾರು ಜನ ನೋಡುವ ಆಟವೂ ನಮ್ಮಲ್ಲಿದೆ: ತೆರಬಂಡಿ. ಗಾಲಿ ತಿರುಗದಂತೆ ಬಿಗಿದ, ಭಾರ ಹೇರಿದ ಬಂಡಿಯನ್ನು ಎತ್ತುಗಳು ಗೊತ್ತುಮಾಡಿದ ಸಮಯದಲ್ಲಿ ಎಷ್ಟು ದೂರ ಎಳೆಯುತ್ತವೆ ಎನ್ನುವುದೇ ಪಂದ್ಯ. ಸ್ಟೇಡಿಯಂ ಅಂದರೆ ಬೆಳೆ ಕೊಯ್ದ ಹೊಲ. ಖರ್ಚಿಗೆ ಊರವರು ಪಟ್ಟಿ ಎತ್ತುತ್ತಾರೆ, ಕೊಟ್ಟವರ ಹೆಸರು ಧ್ವನಿವರ್ಧಕದಲ್ಲಿ ಆಗಲೇ ಹೇಳಿಬಿಡುತ್ತಾರೆ. ಇಷ್ಟು ಪಾರದರ್ಶಕ ಲೆಕ್ಕಪತ್ರ ಯಾವ ನಿಗಮದಲ್ಲಿದೆ? ಎತ್ತಿನ ಬಂಡಿ ಓಟ, ಕಂಬಳಗಳಿಗೆ ಅವಕಾಶ ಕೊಟ್ಟ ರಾಜ್ಯದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿಯಿತು.

ಕುಸ್ತಿಗಾಗಿಯೇ ಅರಸರೊಬ್ಬರು ಸ್ಟೇಡಿಯಂ ಕಟ್ಟಿಸಿದ್ದು ನಮ್ಮ ಪಕ್ಕದಲ್ಲೇ. ಕೊಲ್ಹಾಪುರದ ಶಾಹು ಮಹಾರಾಜರು 1902ರಲ್ಲಿ ಯುರೋಪಿಗೆ ಹೋದಾಗ ರೋಮಿನ ಕೊಲೊಸಿಯಂ ನೋಡಿ ಬಂದರು. ಖಾಸಬಾಗ್ ಮೈದಾನ 1912ರಲ್ಲಿ ಸಿದ್ಧವಾಯಿತು. ನಡುವೆ ಕೆಮ್ಮಣ್ಣಿನ ಕಣ, ಸುತ್ತ ಏರುತ್ತ ಹೋಗುವ ದಿಬ್ಬ. ನೋಟಕ್ಕೆ ಅಡ್ಡ ಬರುವ ಕಂಬ ಒಂದೂ ಇಲ್ಲ, ಹಿಂದೆ ಕೂತವನಿಗೂ ಪಟ್ಟು ಕಾಣುತ್ತದೆ. ಜಮಖಂಡಿ, ಮುಧೋಳದ ಪೈಲ್ವಾನರಿಗೆ ಕೊಲ್ಹಾಪುರದ ಹೆಸರು ಎಷ್ಟು ದೊಡ್ಡದು ಎಂದು ಯಾವ ಗರಡಿಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ಅರಸನ ಬೊಕ್ಕಸದ ದುಡ್ಡೂ ಕೊನೆಗೆ ರೈತನದೇ, ಆದರೆ ಈ ಖರ್ಚು ನೂರು ವರ್ಷ ದಾಟಿಯೂ ಬಳಕೆಯಲ್ಲಿದೆ.

ಮುಂಬೈನಲ್ಲಿ ಕೂಗಳತೆಯಲ್ಲಿ ಎರಡು ಕ್ರಿಕೆಟ್ ಸ್ಟೇಡಿಯಂ ಏಕಿವೆ? ಟಿಕೆಟ್ ಜಗಳ! 1937ರ ಬ್ರೆಬೋರ್ನ್ ಸ್ಟೇಡಿಯಂ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ್ದು. ಪಂದ್ಯದ ಸೀಟು ಹಂಚಿಕೆಯಲ್ಲಿ ಮುಂಬೈ ಕ್ರಿಕೆಟ್ ಸಂಸ್ಥೆಗೂ ಅದಕ್ಕೂ ಕೆಟ್ಟು, ಸಂಸ್ಥೆ ವಾಂಖೆಡೆ ಕಟ್ಟಿಕೊಂಡಿತು. 1974ರಲ್ಲಿ ಅದು ಸಿದ್ಧ.

ಆಟದ ಬಯಲು ಉಳಿಸಲು ನಮ್ಮಲ್ಲಿ ಕಾನೂನೇ ಇದೆ: ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ, 1985. ಹೆಸರು ಕೇಳಿದವರು ಕಡಿಮೆ, ಜಾರಿ ನೋಡಿದವರು ಇನ್ನೂ ಕಡಿಮೆ.

ಕೊನೆಯದು, ಅನಗವಾಡಿ ಸೀಮೆಗೆ ಹತ್ತಿರದ್ದು. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಆಲಮಟ್ಟಿ ಜಲಾಶಯದ ನೀರು 519.6 ಮೀಟರಿನಿಂದ 524.256 ಮೀಟರಿಗೆ ಏರಬೇಕು. ಅದಕ್ಕಾಗಿ 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. ಅದೇ ದರ ಹಿಡಿದು ನೋಡಿ, ಹತ್ತು ಎಕರೆ ಒಣ ಜಮೀನಿನ ಆಟದ ಬಯಲಿಗೆ ಬೇಕಾದದ್ದು 3 ಕೋಟಿ. ಒಬ್ಬ ಶಾಸಕರ ನಿಧಿ ಒಂದೂವರೆ ವರ್ಷದಲ್ಲಿ ಅಷ್ಟಾಗುತ್ತದೆ. 2013ರ ಭೂಸ್ವಾಧೀನ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಪುನರ್ವಸತಿ ಕೇಂದ್ರಕ್ಕೆ ಇರಲೇಬೇಕಾದ ಸೌಕರ್ಯಗಳ ಪಟ್ಟಿ ಇದೆ. ರಸ್ತೆ, ಚರಂಡಿ, ಕುಡಿಯುವ ನೀರು, ಶಾಲೆ, ಸ್ಮಶಾನದ ಜೊತೆ ಮಕ್ಕಳ ಆಟದ ಮೈದಾನವೂ ಅದರಲ್ಲಿ ಸೇರಿದೆ. ಗ್ಯಾಲರಿಯ ಮಾತಿಲ್ಲ. ಹೊಸ ಪುನರ್ವಸತಿ ಕೇಂದ್ರದ ನಕ್ಷೆ ಗ್ರಾಮಸಭೆಗೆ ಬಂದ ದಿನ ಆ ಜಾಗವನ್ನು ಬೆರಳಿಟ್ಟು ತೋರಿಸಿ ಎಂದು ಕೇಳಬಹುದು. ನಕ್ಷೆಗೆ ಸಹಿ ಬಿದ್ದ ಮೇಲೆ ಅಲ್ಲಿ ಸಮುದಾಯ ಭವನವೋ ಇನ್ನೊಂದು ಬಸ್ ತಂಗುದಾಣವೋ ಎದ್ದರೆ ಕೇಳುವುದು ಕಷ್ಟ.